ಬುತ್ತಿ ಕಾದವಳ ಕೈಲಾಸ

ಎಲ್ಲೋರದ ಕೈಲಾಸ ದೇವಾಲಯವನ್ನು ನಾನು ಏಳು ಸಲ ನೋಡಿಲ್ಲ. ನಗಬೇಡಿ, ಲೆಕ್ಕ ಸರಿಯಾಗಿಯೇ ಇದೆ. ಆ ಕಡೆ ತಲೆ ಹಾಕದವರು ಸುಮ್ಮನೆ ನೋಡಿಲ್ಲ ಎಂದರೆ ಸಾಕು. ನಾನು ಏಳು ಸಲ ಅದರ ಬಾಗಿಲಿನವರೆಗೆ ಹೋಗಿ, ಏಳು ಸಲವೂ ನೋಡದೆ ವಾಪಸು ಬಂದವಳು. ಅದರಲ್ಲಿ ಆರು ಸಲ ಟಿಕೆಟ್ ಕಿಟಕಿಯ ಪಕ್ಕದ ಬೇವಿನ ಮರದ ಕೆಳಗೆ ಬುತ್ತಿಯ ಗಂಟು ಕಾಯುತ್ತ ಕೂತಿದ್ದೆ. ಏಳನೆಯ ಸಲದ್ದು ಬೇರೆಯೇ ಕಥೆ, ಅದಕ್ಕೆ ಆಮೇಲೆ ಬರುತ್ತೇನೆ.

ನನ್ನ ಗಂಡ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್. ನಾಶಿಕದಿಂದ ತುಸು ದೂರದ ಕಾಲನಿಯಲ್ಲಿ ನಮ್ಮ ಮನೆ. ಕಾಲನಿಯಲ್ಲಿ ಕನ್ನಡದವರ ಮನೆಗಳು ಹತ್ತಾರಿದ್ದವು. ಎಲ್ಲರಿಗೂ ಊರಿನ ಕಡೆ ನೆಂಟರಿದ್ದರು, ಆ ನೆಂಟರಿಗೆಲ್ಲ ಒಂದೇ ಆಸೆಯಿತ್ತು. ನಾಶಿಕಕ್ಕೆ ಬಂದರೆ ತ್ರ್ಯಂಬಕ, ಪಂಚವಟಿ, ಶಿರಡಿ, ಘೃಷ್ಣೇಶ್ವರ, ಎಲ್ಲೋರ, ದೌಲತಾಬಾದ್, ಔರಂಗಾಬಾದ್ ಎಲ್ಲ ಒಂದೇ ಏಟಿಗೆ ಮುಗಿಯುತ್ತವೆ! ಔರಂಗಾಬಾದನ್ನು ಈಗ ಛತ್ರಪತಿ ಸಂಭಾಜಿನಗರ ಅನ್ನಬೇಕು, ಆದರೆ ನಾನು ಹೇಳುತ್ತಿರುವುದು ಹಳೆಯ ಹೆಸರು ಇದ್ದಾಗಿನ ಮಾತು. ಕಲಬುರಗಿಯಲ್ಲಿ ರೈಲು ಹತ್ತಿದವರು ಮನ್ಮಾಡಿನಲ್ಲಿ ಇಳಿದರೆ ನನ್ನ ಗಂಡ ಬಾಡಿಗೆ ಜೀಪು ತಗೊಂಡು ಹೋಗಿ ಕರೆತರುತ್ತಿದ್ದರು. ಇಳಿದವರ ಮೊದಲನೆಯ ಪ್ರಶ್ನೆ ನಾವು ಹೇಗಿದ್ದೇವೆ ಎಂಬುದಲ್ಲ. "ಎಲ್ಲೋರಕ್ಕ ಯಾವಾಗ ಹೋಗೂದ್ರಿ?" ಎಂಬುದು.

ನೋಡಲು ಬಂದವರು ಏನು ನೋಡುತ್ತಿದ್ದರೋ ಕಾಣೆ. ಗೋದಾವರಿಯನ್ನು ನೋಡಿ "ನಮ್ಮ ಕಾಗಿಣಾದಷ್ಟ ಅದ" ಎನ್ನುವರು. ನಾಶಿಕದ ದ್ರಾಕ್ಷಿಯನ್ನು ಬಾಯಿಗೆ ಹಾಕಿಕೊಂಡು "ವಿಜಾಪುರದ್ದ ಚಲೋ" ಎನ್ನುವರು. ಒಮ್ಮೆ ಧೈರ್ಯ ಮಾಡಿ ನಾನು ಅತ್ತೆಯವರಿಗೆ ಮನೆಯಲ್ಲೇ ಮಿಸಳ್ ಮಾಡಿಕೊಟ್ಟೆ. ಮೊಳಕೆ ಕಾಳಿನ ಕೆಂಪು ರಸ, ಮೇಲೆ ಖಾರದ ಕುರುಕಲು ಫರಸಾಣ, ಹೆಚ್ಚಿದ ಈರುಳ್ಳಿ, ನಿಂಬೆ. ನಾನಂತೂ ಅದಕ್ಕೆ ಪ್ರಾಣ ಬಿಡುತ್ತಿದ್ದೆ. ಅತ್ತೆ ಚಮಚದಿಂದ ಆಚೆ ಈಚೆ ಸರಿಸಿ ನೋಡಿದರು.

"ಕಾಳಿನ ಸಾರಿನಾಗ ಚೂಡಾ ಯಾಕ ಚೆಲ್ಲೀಯವ್ವಾ? ಕೈ ಜಾರಿತೇನು?"

ಅಲ್ಲಿಗೆ ನಾಶಿಕದ ಅಡುಗೆಯ ವಿಚಾರಣೆ ಮುಗಿದು ತೀರ್ಪು ಬಂದಂತಾಯಿತು. ಮೇಲ್ಮನವಿಗೆ ಅವಕಾಶವಿರಲಿಲ್ಲ. ಆಮೇಲೆ ಅವರೆದುರು ನಾನು ಮಿಸಳ್ ಮಾಡಲಿಲ್ಲ.

ಇಂಥವರು ಊರು ಸುತ್ತಲು ಹೊರಟರೆ ಹೊಟ್ಟೆಗೇನು? ಅದಕ್ಕೇ ಬುತ್ತಿ. ಬುತ್ತಿಯೆಂದರೆ ಡಬ್ಬಿಯಲ್ಲಿ ನಾಲ್ಕು ಚಪಾತಿ ಎಂದುಕೊಂಡಿದ್ದರೆ ನಮ್ಮ ಅತ್ತೆ ನಿಮಗೆ ಗೊತ್ತಿಲ್ಲ. ಹಿಂದಿನ ದಿನವೇ ಐವತ್ತು ಕಡಕ್ ರೊಟ್ಟಿ ತಟ್ಟಬೇಕು. ಶೇಂಗಾ ಹಿಂಡಿ, ಎಣ್ಣೆಗಾಯಿ, ಪುಂಡಿಪಲ್ಯ, ಗಟ್ಟಿ ಮೊಸರು, ಮೊಸರಿನ ಮೇಲೆ ಅನುಮಾನವಿದ್ದರೆ ಇನ್ನೊಂದು ಗಡಿಗೆ ಮೊಸರು, ಸಿಹಿಗೆ ಶೇಂಗಾ ಹೋಳಿಗೆ. ಎಲ್ಲ ಸೇರಿ ಬಿಳಿ ಧೋತರದಲ್ಲಿ ಗಂಟು ಕಟ್ಟಿದರೆ ಒಂದು ಕೂಸಿನಷ್ಟು ಭಾರ. ಆ ಕೂಸನ್ನು ಎತ್ತಿಕೊಳ್ಳಬೇಕಾದವಳು ಯಾರೆಂದು ಬೇರೆ ಹೇಳಬೇಕೇ?

ಜೀಪಿನಲ್ಲೇ ಬಿಟ್ಟು ಹೋಗಬಹುದಲ್ಲ ಎಂದು ನೀವು ಕೇಳುತ್ತೀರಿ. ಮೊದಲ ಸಲ ನಾನೂ ಕೇಳಿದ್ದೆ. ನಮ್ಮ ಚಾಲಕ ನಾಶಿಕದವನು, ಪಾಪ, ಎಷ್ಟು ಒಳ್ಳೆಯ ಮನುಷ್ಯ ಎಂದರೆ ನನ್ನನ್ನು 'ವಹಿನೀ', ಅಂದರೆ ಅತ್ತಿಗೆ, ಎಂದು ಕರೆದ ಮೇಲೆಯೇ ಮುಂದಿನ ಮಾತು. ಅತ್ತೆ ನನ್ನ ಕಿವಿಯ ಹತ್ತಿರ ಬಾಯಿ ತಂದು, ಆದರೆ ಅರ್ಧ ಎಲ್ಲೋರಕ್ಕೆ ಕೇಳಿಸುವ ಹಾಗೆ, ಹೇಳಿದರು.

"ಅಂವ ಮಟನ್ ತಿಂತಾನಂತ. ಬುತ್ತಿ ಅವನ ಹಂತ್ಯಾಕ ಹ್ಯಾಂಗ ಬಿಡ್ಲಿಕ್ಕೆ ಬರ್ತದ?"

ಅವನು ತಿನ್ನುವುದು ಮನೆಯಲ್ಲಿ, ಜೀಪಿನಲ್ಲಲ್ಲವಲ್ಲ ಎಂದೆ. ತಿಂದ ಕೈ ಜೀಪಿನಲ್ಲಿದೆಯಲ್ಲ ಎಂದರು. ಆ ಕೈ ಹಿಡಿದ ಸ್ಟೀರಿಂಗಿನ ದಯೆಯಿಂದಲೇ ನಾವೆಲ್ಲ ಜೀವಂತ ಎಲ್ಲೋರಕ್ಕೆ ಬಂದಿದ್ದೇವೆ ಎಂದು ಹೇಳಬೇಕೆಂದು ನಾಲಗೆಯ ತುದಿಗೆ ಬಂದಿತ್ತು. ಹೊಸ ಸೊಸೆ, ನುಂಗಿಕೊಂಡೆ. ಒಳಗೆ ಒಯ್ಯೋಣವೆಂದರೆ ಬಾಗಿಲಲ್ಲಿ ಕಾವಲುಗಾರ ತಿನ್ನುವ ಸಾಮಾನು ಒಳಗೆ ಬಿಡುವುದಿಲ್ಲ ಎಂದ. ಹೊರಗೆ ಇಡೋಣವೆಂದರೆ ಬೇವಿನ ಮರದ ತುಂಬ ಮಂಗಗಳು. ಗಂಡ ಗಂಟಲು ಸರಿಮಾಡಿಕೊಂಡರು.

"ನೀ ಸ್ವಲ್ಪ ಕುಂತಿರು. ಇವರಿಗೆ ತೋರಿಸಿ ಬರ್ತೀನಿ. ಆಮ್ಯಾಲ ನೀ ಹೋಗೀಯಂತ."

ಆ 'ಆಮ್ಯಾಲ' ಆರು ಸಲ ಬಂತು, ಆರು ಸಲವೂ ಬರಲಿಲ್ಲ. ಅವರು ನೋಡಿ ಹೊರಗೆ ಬರುವಷ್ಟರಲ್ಲಿ ಎಲ್ಲರಿಗೂ ಹಸಿವು. ಉಣ್ಣಿಸಿ, ಡಬ್ಬಿ ತೊಳೆದು, ಗಂಟು ಕಟ್ಟುವಷ್ಟರಲ್ಲಿ ಬಿಸಿಲು ಇಳಿದು, ದೌಲತಾಬಾದ್ ಕೋಟೆ ಮುಚ್ಚುತ್ತದೆ ನಡೆಯಿರಿ ನಡೆಯಿರಿ ಎಂದು ಗಡಿಬಿಡಿ. ಎರಡನೆಯ ಸಲ ನಾದಿನಿಯ ಮನೆಯವರು, ಮೂರನೆಯ ಸಲ ಗಂಡನ ಚಿಕ್ಕಪ್ಪ ಚಿಕ್ಕಮ್ಮ, ಹೀಗೆ ನೆಂಟರು ಬದಲಾದರು. ಮರ ಮಾತ್ರ ಅದೇ, ಗಂಟು ಅದೇ, ಕಾಯುವವಳು ಅವಳೇ.

ನನ್ನ ಜಾಗದಿಂದ ಕಾಣುತ್ತಿದ್ದುದಿಷ್ಟು: ಕೈಲಾಸದ ಮುಂದಿನ ಕಲ್ಲಿನ ಗೋಡೆ, ಅದರ ನಡುವೆ ಜನ ಹೊಕ್ಕು ಮಾಯವಾಗುವ ಕತ್ತಲೆಯ ಬಾಗಿಲು, ಗೋಡೆಯ ಮೇಲೆ ತುಸುವೇ ತಲೆಯೆತ್ತಿದ ಶಿಖರದ ತುದಿ. ಒಳಹೋದವರು ಹೊರಬರುವಾಗ ಏನಾದರೂ ಹೇಳುತ್ತಾರೇನೋ ಎಂದು ಕಾಯುತ್ತಿದ್ದೆ. "ಭಾಳ ದೊಡ್ಡದದ" ಎಂದರು ಒಬ್ಬರು. "ಭಾಳ ಬಿಸಿಲದ" ಎಂದರು ಇನ್ನೊಬ್ಬರು. ಚಿಕ್ಕಪ್ಪನವರು ಮಾತ್ರ ತುಂಬ ಹೊತ್ತು ವಿಚಾರ ಮಾಡಿ, "ಇಷ್ಟು ಕಲ್ಲು ಒಡದಾರಲ್ಲ, ಹೊರಗ ತೆಗೆದ ಕಲ್ಲು ಎಲ್ಲಿ ಹಾಕಿರಬೇಕು?" ಎಂದರು. ಅವರು ಊರಲ್ಲಿ ಫರಸಿ ಕಲ್ಲಿನ ವ್ಯಾಪಾರ ಮಾಡುತ್ತಿದ್ದರು.

ಗಂಡನ ಭಾಷಣವಂತೂ ನನಗೆ ಬಾಯಿಪಾಠವಾಗಿತ್ತು. ಟಿಕೆಟ್ ತೆಗೆಯುವಾಗಲೇ ಶುರುವಾಗುತ್ತಿತ್ತು. "ಇದು ಯಾರು ಕೆತ್ತಿಸಿದ್ದು ಗೊತ್ತೇನು? ನಮ್ಮವರು! ನಮ್ಮ ಮಳಖೇಡದ ರಾಷ್ಟ್ರಕೂಟರು!" ಎನ್ನುವಾಗ ಅವರ ಎದೆ ಉಬ್ಬುವುದನ್ನು ನೋಡಬೇಕಿತ್ತು. ನಿನ್ನೆ ಮೊನ್ನೆ ಅವರ ಸೋದರಮಾವನೇ ಗುತ್ತಿಗೆ ಹಿಡಿದು ಕೆಲಸ ಮುಗಿಸಿದ ಹಾಗೆ. ಮಳಖೇಡದಲ್ಲಿ ಇವರ ಮನೆತನಕ್ಕೆ ಒಂದು ಗೇಣು ಜಾಗವಿಲ್ಲ. ಅಲ್ಲಿಯವಳು ನಾನು.

ಹೌದು, ಅದನ್ನು ಹೇಳದಿದ್ದರೆ ಈ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ನಾನು ಹುಟ್ಟಿ ಬೆಳೆದದ್ದು ಮಳಖೇಡದ ಮಗ್ಗುಲಿನ ಹಳ್ಳಿಯಲ್ಲಿ. ಶಾಲೆಯಿಂದ ನಮ್ಮನ್ನು ಕೋಟೆ ನೋಡಲು ನಡೆಸಿಕೊಂಡು ಹೋಗಿದ್ದರು. ಕೋಟೆಯೆಂದರೆ ಬಿದ್ದ ಗೋಡೆ, ಮುಳ್ಳುಕಂಟಿ, ಮೇಯುವ ಆಡು. ನಮಗೆಲ್ಲ ನಿರಾಸೆಯಾಗಿ ಮುಖ ಸಣ್ಣದಾಯಿತು. ನಮ್ಮ ಇತಿಹಾಸದ ಗುರುಗಳು ಪಠ್ಯಪುಸ್ತಕ ತೆರೆದು ಹೆಬ್ಬೆರಳಿನಷ್ಟು ಅಗಲದ, ಮಸಿ ಹತ್ತಿದ ಚಿತ್ರವೊಂದನ್ನು ತೋರಿಸಿದರು. ಇಲ್ಲಿ ಏನೂ ಉಳಿದಿಲ್ಲ, ಉಳಿದದ್ದು ಅಲ್ಲಿದೆ, ಇಲ್ಲಿಂದ ಆಳಿದವರು ಅಲ್ಲಿ ಒಂದು ಗುಡ್ಡವನ್ನೇ ಮೇಲಿನಿಂದ ಕೆಳಗೆ ಕಡೆಯುತ್ತ ಬಂದು ಗುಡಿ ತೆಗೆದರು, ಕಳಸದಿಂದ ಶುರುಮಾಡಿ ಬುನಾದಿಗೆ ಮುಗಿಸಿದರು ಎಂದರು. ಚಿತ್ರದಲ್ಲಿ ಏನೂ ತಿಳಿಯುತ್ತಿರಲಿಲ್ಲ. ಒಂದು ಕರಿ ಮಚ್ಚೆ, ಅಷ್ಟೇ.

"ಯಾರ್ ಹೋಗಿ ನೋಡ್ಕೊಂಡು ಬರ್ತೀರಿ?" ಎಂದು ಕೇಳಿದರು.

ಕೈ ಎತ್ತಿದವಳು ನಾನೊಬ್ಬಳೇ. ಎಲ್ಲರೂ ನಕ್ಕರು. ಮುಂದೆ ನಾಶಿಕದ ವರ ಬಂದಾಗ ಮನೆಯವರು ಸಂಬಳ ನೋಡಿದರು, ಅವ್ವ ಮೂಗು ನೋಡಿದಳು, ನಾನು ಮಾತ್ರ ಒಳಗೆ ಹೋಗಿ ತಮ್ಮನ ಭೂಪಟದಲ್ಲಿ ನಾಶಿಕದಿಂದ ಎಲ್ಲೋರಕ್ಕೆ ಎಷ್ಟು ಬೆರಳು ದೂರ ಎಂದು ನೋಡಿದೆ. ಒಂದೇ ಬೆರಳು. ಆಯ್ತು ಎಂದೆ. ಆ ಒಂದು ಬೆರಳು ದಾಟಲು ಹನ್ನೆರಡು ವರ್ಷ ಸಾಲಲಿಲ್ಲ.

ಬಾಯಿ ಬಿಟ್ಟು ಕೇಳಬಾರದಿತ್ತೇ ಎನ್ನುತ್ತೀರಿ. ಕೇಳಿದ್ದೆ, ಕೇಳುವ ಹಾಗೆಯೇ ಕೇಳಿದ್ದೆ. ಅಂದರೆ, "ನಾನೂ ಒಂದೀಟು ನೋಡಿ ಬರ್ಲೇನು?" ಎಂದು ರೊಟ್ಟಿ ಬಡಿಸುತ್ತ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ಹಾಗೆ ಕೇಳಿ, ಯಾರೂ ಉತ್ತರ ಕೊಡಲಿಲ್ಲವೆಂದು ವರ್ಷಗಟ್ಟಲೆ ಮುಖ ಊದಿಸಿಕೊಳ್ಳುವ ಕಲೆ ನನಗೂ ಗೊತ್ತಿತ್ತು. ಅದರಲ್ಲಿ ಒಂದು ಸುಖವೂ ಇತ್ತು, ಸುಳ್ಳು ಯಾಕೆ ಹೇಳಲಿ?

ಅಷ್ಟರಲ್ಲಿ ಗಂಡನಿಗೆ ಉತ್ತರಪ್ರದೇಶಕ್ಕೆ ವರ್ಗವಾಯಿತು. ಗುರುವಾರ ಲಾರಿ ಬರುವುದೆಂದು ಗೊತ್ತಾಯಿತು. ಸಾಮಾನು ಕಟ್ಟಲೆಂದು ಅವರು ಇಡೀ ವಾರ ರಜೆ ಹಾಕಿದರು. ಸಾಮಾನು ಕಟ್ಟುವುದನ್ನು ನೋಡಲೆಂದು ಅತ್ತೆ ಊರಿಂದ ಬಂದರು. ಬಂದವರೇ, ಮತ್ತೆ ಈ ಸೀಮೆಗೆ ಬರುವುದು ಯಾವಾಗಲೋ, ಕೊನೆಯ ಸಲ ತ್ರ್ಯಂಬಕ ಮತ್ತು ಘೃಷ್ಣೇಶ್ವರ ಎರಡೂ ಆಗಿಬಿಡಲಿ ಎಂದರು. ಘೃಷ್ಣೇಶ್ವರದಿಂದ ಕೈಲಾಸ ಕೂಗಳತೆಯ ದೂರ. ಆ ರಾತ್ರಿಯೇ ಗಂಡನನ್ನು ಅಡುಗೆಮನೆಯ ಬಾಗಿಲಲ್ಲಿ ಅಡ್ಡಗಟ್ಟಿದೆ.

"ಈ ಸಲ ಬುತ್ತಿ ನೀವು ಕಾಯ್ರಿ. ನಾ ಒಳಗ ಹೋಗ್ತೀನಿ."

"ಆತು ತಗೋ ಮಾರಾಯ್ತಿ. ಹತ್ತು ನಿಮಿಷದ ಕೆಲಸ."

ಹತ್ತು ನಿಮಿಷವಂತೆ! ಗುಡ್ಡ ಕಡಿಯಲು ತಲೆಮಾರು ಬೇಕಾಯಿತಂತೆ, ಇವರಿಗೆ ನೋಡಲು ಹತ್ತು ನಿಮಿಷ ಸಾಕು. ಆದರೂ ಒಪ್ಪಿದರಲ್ಲ, ಅದೇ ಹೆಚ್ಚು.

ಯಾವ ದಿನ ಎಲ್ಲಿಗೆ ಎಂಬುದನ್ನು ನಿರ್ಧರಿಸಿದವರು ಅತ್ತೆ. ತ್ರ್ಯಂಬಕಕ್ಕೆ ಸೋಮವಾರವೇ ಆಗಬೇಕು. ಕೊರಳಲ್ಲಿ ಲಿಂಗ ಕಟ್ಟಿದ ಮನೆಯವರು ಸೋಮವಾರ ಬಿಟ್ಟು ಬೇರೆ ದಿನ ತ್ರ್ಯಂಬಕನ ಮುಂದೆ ನಿಂತರೆ ಶಿವ ಏನೆಂದುಕೊಂಡಾನು? ಶನಿವಾರ ಭಾನುವಾರ ಬಿಟ್ಟು ನಾವು ಎಂದೂ ಹೊರಟವರಲ್ಲ. ರಜೆ ಇದೆಯಲ್ಲ ಎಂದು ಈ ಸಲ ಸೋಮವಾರ ತ್ರ್ಯಂಬಕ ಮಾಡಿದೆವು. ಅಲ್ಲಿ ಮೂರು ತಾಸು ಸಾಲಿನಲ್ಲಿ ನಿಂತು, ಶಿವ ನಮ್ಮನ್ನು ನೋಡಿದನೋ ಇಲ್ಲವೋ, ನಾವಂತೂ ಮುಂದಿನವರ ಬೆನ್ನು ಚೆನ್ನಾಗಿ ನೋಡಿಕೊಂಡು ಬಂದೆವು. ಮರುದಿನ ಬೆಳಕು ಹರಿಯುವ ಮೊದಲೇ ಜೀಪು ಹತ್ತಿದೆವು: ಗಂಡ, ಅತ್ತೆ, ಹತ್ತು ವರ್ಷದ ಮಗಳು, ನಾನು, ನನ್ನ ತೊಡೆಯ ಮೇಲೆ ಬುತ್ತಿ.

ಯೇವಲೆಯಲ್ಲಿ ಅತ್ತೆ ಪೈಠಣಿ ಸೀರೆ ನೋಡಬೇಕೆಂದರು. ಎರಡು ತಾಸು ನೋಡಿದರು. ಅಂಗಡಿಯವನು ಮೂವತ್ತು ಸೀರೆ ಬಿಚ್ಚಿ ಹರಡಿದ ಮೇಲೆ ಸೆರಗಿನ ನವಿಲಿನ ಕೊರಳು ಯಾಕೋ ಸೊಟ್ಟಗಿದೆ ಎಂದು ಎದ್ದರು. ನಾನು ಗಡಿಯಾರ ನೋಡುತ್ತಿದ್ದೆ. ವೈಜಾಪುರ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಹತ್ತಿ ಬಿಚ್ಚಿಕೊಂಡಿತ್ತು, ಸೀತಾಫಲದ ಬುಟ್ಟಿ ಇಟ್ಟುಕೊಂಡು ಹೆಂಗಸರು ಕೂತಿದ್ದರು. ನನಗೆ ಯಾವುದೂ ಬೇಡವಾಗಿತ್ತು. ಹೊಸ ಚಪ್ಪಲಿ ಹಾಕಿದ್ದೆ. ಹಾಕಿದ್ದಕ್ಕೆ ನನಗೇ ನಾಚಿಕೆಯಾಗುತ್ತಿತ್ತು.

ಎಲ್ಲೋರದಲ್ಲಿ ಇಳಿದರೆ ಜನವೇ ಇಲ್ಲ! ಗಂಡನಿಗೆ ಖುಷಿಯೋ ಖುಷಿ. "ನೋಡು, ವಾರದ ದಿನ ಬಂದ್ರ ಹಿಂಗ, ಆರಾಮ" ಎಂದರು. ಟಿಕೆಟ್ ಕಿಟಕಿ ಮುಚ್ಚಿತ್ತು. ಬಾಗಿಲಿಗೆ ಬೀಗ. ಒಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಕಾವಲುಗಾರ ನಮ್ಮನ್ನು ನೋಡಿ ಎದ್ದು ಬರುವ ಕಷ್ಟ ತೆಗೆದುಕೊಳ್ಳಲಿಲ್ಲ.

"ಮಂಗಳವಾರೀ ಬಂದ್ ಅಸ್ತೆ," ಎಂದ ಅಲ್ಲಿಂದಲೇ. ಮಂಗಳವಾರ ಮುಚ್ಚಿರುತ್ತದೆ.

"ಹಂಗ ಹ್ಯಾಂಗ ಬಂದ್ ಇರ್ತದ?" ಎಂದು ಗಂಡ ಕನ್ನಡದಲ್ಲೇ ಜಗಳಕ್ಕೆ ನಿಂತರು. "ಬೋರ್ಡ್ ಹಾಕಬೇಕಿತ್ತಲ್ಲ!"

ಕಾವಲುಗಾರ ಕೈ ಮಾಡಿ ತೋರಿಸಿದ. ಬೋರ್ಡಿತ್ತು. ಬೇವಿನ ಮರದ ಬೊಡ್ಡೆಯ ಪಕ್ಕದಲ್ಲಿ, ಆಳೆತ್ತರದಲ್ಲಿ, ಮೂರು ಭಾಷೆಯಲ್ಲಿ, ಪ್ರತಿ ಮಂಗಳವಾರ ರಜೆ ಎಂದು ಬರೆದಿತ್ತು. ಬಣ್ಣ ಮಾಸಿದ ಹಳೆಯ ಬೋರ್ಡು. ಆರು ಸಲ ನಾನು ಅದರ ಕಂಬಕ್ಕೇ ಬೆನ್ನು ಆನಿಸಿ ಕೂತಿದ್ದೆ. ಕೈಲಾಸದ ಬಾಗಿಲಿನ ಕಡೆ ಮುಖ, ಬೋರ್ಡಿನ ಕಡೆ ಬೆನ್ನು. ಈಗಿನ ಹಾಗೆ ಫೋನಿನ ಮೇಲೆ ಬೆರಳಾಡಿಸಿದರೆ ಎಲ್ಲ ಗೊತ್ತಾಗುವ ಕಾಲವಲ್ಲ, ನಿಜ. ಆದರೆ ತಲೆ ತಿರುಗಿಸಿದ್ದರೆ ಸಾಕಿತ್ತು. ಅದೊಂದು ನೆನೆದರೆ ಈಗಲೂ ನನ್ನ ಹಣೆ ನಾನೇ ಬಡಿದುಕೊಳ್ಳುವಂತಾಗುತ್ತದೆ.

"ಹೋಗ್ಲಿ ಬಿಡು," ಎಂದರು ಗಂಡ. "ಎಲ್ಲಾರೂ ನೋಡಿದ್ದೇ ಅದಲ್ಲ."

ಎಲ್ಲಾರೂ! ಅಷ್ಟೇ ನೋಡಿ, ನನಗೆ ಏನಾಯಿತೋ, ಬುತ್ತಿಯನ್ನು ದೊಪ್ಪನೆ ನೆಲಕ್ಕೆ ಇಟ್ಟೆ. ಐವತ್ತು ರೊಟ್ಟಿ ಒಮ್ಮೆಲೇ ಪುಡಿಯಾದ ಸದ್ದು ಕೇಳಿಸಿತು.

"ಯಾರ್ರಿ ಎಲ್ಲಾರು? ನಾ ನೋಡೀನೇನು? ಆರು ಸಲ ಬಂದೀನಿ, ಆರು ಸಲ ಈ ಮಂಗ್ಯಾಗಳ ಮಾರಿ ನೋಡ್ಕೋತ ಕುಂತೀನಿ! ನಮ್ಮವರು, ನಮ್ಮವರು ಅಂತೀರಿ, ಆ ಊರಾಗ ಹುಟ್ಟಿದಾಕಿ ನಾನು! ಒಂದು ಸಲರ ಕೇಳಿರೇನು, ನೀ ನೋಡಿದಿ ಇಲ್ಲೋ ಅಂತ?"

ಹನ್ನೆರಡು ವರ್ಷದಲ್ಲಿ ಅತ್ತೆಯೆದುರು ನಾನು ದನಿ ಎತ್ತಿದ್ದು ಅದೇ ಮೊದಲು. ಕಾವಲುಗಾರ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. ಗಂಡನ ಮುಖದಲ್ಲಿ ಸಿಟ್ಟಿರಲಿಲ್ಲ, ಅದಕ್ಕಿಂತ ಕೆಟ್ಟದ್ದಿತ್ತು, ನಿಜವಾದ ಆಶ್ಚರ್ಯ.

"ಖರೇ ನೋಡಿಲ್ಲೇನು? ತಂಗಿ ಬಂದಾಗ ನಮ್ಮ ಜೋಡಿ ಒಳಗ ಇದ್ದೆಲ್ಲ ನೀನು? ಆ ಆನೆ ಮುಂದ ಫೋಟೋ ತೆಗೆದೀವಲ್ಲ?"

ಮಗಳು ತಂದೆಯ ಕೈ ಜಗ್ಗಿದಳು. ಇಲ್ಲೇ ಹುಟ್ಟಿ ಮರಾಠಿ ಶಾಲೆಗೆ ಹೋಗುವ ಹುಡುಗಿ, ಅವಳ ಕನ್ನಡ ಅರ್ಧ ದಾರಿಯಲ್ಲಿ ಜೀಪು ಬದಲಿಸುತ್ತದೆ.

"ಪಪ್ಪಾ, ಮಮ್ಮಿ ಕುಠಲ್ಯಾಚ್ ಫೋಟೋದಾಗ ಇಲ್ಲ. ಅಲ್ಬಮ್ ಬಘಾ ನಾ. ಒಂದರಾಗೂ ಇಲ್ಲ."

ನಾನು ಆರು ಸಲ ಕೈಲಾಸ ನೋಡದೆ ಇದ್ದದ್ದು ದೊಡ್ಡದಲ್ಲ. ನಾನು ಜೊತೆಗಿರಲಿಲ್ಲ ಎಂಬುದು ಯಾರಿಗೂ ಗೊತ್ತೇ ಆಗಿರಲಿಲ್ಲ. ಆ ಮಾತು ನನಗೆ ಎಷ್ಟು ನಾಟಿತೆಂದರೆ ಅಳುವುದೂ ಮರೆತುಹೋಯಿತು. ಅತ್ತೆ ಬಗ್ಗಿ ಬುತ್ತಿ ಎತ್ತಿಕೊಂಡರು. ನಾನು ಕೈ ಚಾಚಿದೆ, ಕೊಡಲಿಲ್ಲ.

ಘೃಷ್ಣೇಶ್ವರದಲ್ಲಿ ದರ್ಶನವಾಯಿತು. ಅತ್ತೆ ಬುತ್ತಿಯನ್ನು ಮಗನ ಕೈಗೆ ಕೊಟ್ಟು ಹೊರಗೆ ನಿಲ್ಲಿಸಿದರು. ಅವರು ಅದನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ತಲೆಗೆ ಸಾಗಿಸುತ್ತ ನಿಂತ ಚಂದವನ್ನು ನಾನು ಒಳಗಿನಿಂದ ಒಂದು ಸಲ ತಿರುಗಿ ನೋಡಿದೆ, ದೇವರ ಎದುರು ಸುಳ್ಳು ಹೇಳಬಾರದು, ಎರಡು ಸಲ ನೋಡಿದೆ. ಅಲ್ಲಿಂದ ದೌಲತಾಬಾದ್. ಕೋಟೆಯ ಮುಂದೆ ಹುಲ್ಲಿನ ಮಾಡಿನ ಕೆಳಗೆ ಹೆಂಗಸೊಬ್ಬಳು ಜೋಳದ ಭಾಕರಿ ಬಡಿದು ಕಡಲೆಹಿಟ್ಟಿನ ಝುಣಕ, ಹಸಿಮೆಣಸಿನಕಾಯಿ ಠೇಚಾ ಜೊತೆ ಕೊಡುತ್ತಿದ್ದಳು. ಅತ್ತೆ ಅಲ್ಲಿಯೇ ನಿಂತರು.

"ಹಸಿವ್ಯಾಗ್ಯಾದ. ಇಲ್ಲೇ ಉಣ್ಣೂಣು."

ನನ್ನ ಗಂಡ ತಾಯಿಯ ಹಣೆ ಮುಟ್ಟಿ ನೋಡಿದರು.

"ನಂಗೇನೂ ಆಗಿಲ್ಲೋ. ರೊಟ್ಟಿ ಪುಡಿಪುಡಿ ಆಗ್ಯಾವ," ಎಂದು ಅತ್ತೆ ಬುತ್ತಿಯ ಗಂಟನ್ನು ಚಾಲಕನ ಕಡೆ ಚಾಚಿದರು. "ತಗೋಪ್ಪಾ. ಮನೀಗಿ ಒಯ್ಯಿ. ಮಕ್ಕಳು ತಿನ್ನಲಿ."

ಚಾಲಕ ನನ್ನ ಮುಖ ನೋಡಿದ. ಹನ್ನೆರಡು ವರ್ಷ ಅವನೂ ಈ ಬುತ್ತಿಯನ್ನು ದೂರದಿಂದಲೇ ಬಲ್ಲವನು. ತಗೊಳ್ಳಿ ಎಂದು ತಲೆಯಾಡಿಸಿದೆ. ಎರಡೂ ಕೈಯಲ್ಲಿ ಇಸಿದುಕೊಂಡ.

ಅತ್ತೆ ಝುಣಕದಲ್ಲಿ ಭಾಕರಿ ಅದ್ದಿ ಬಾಯಿಗಿಟ್ಟರು. ನಾವೆಲ್ಲ ಉಸಿರು ಹಿಡಿದು ಕೂತೆವು. ಎರಡು ತುತ್ತು ಆದ ಮೇಲೆ ತೀರ್ಪು ಬಂತು. "ಉಪ್ಪು ಕಮ್ಮಿ. ಆದ್ರ ಕೈ ಚಲೋ ಅದ." ಆಮೇಲೆ ಇನ್ನೊಂದು ಭಾಕರಿ ಹಾಕಿಸಿಕೊಂಡರು. ತಟ್ಟೆ ಖಾಲಿಯಾದ ಮೇಲೆ, ಯಾರ ಮುಖವನ್ನೂ ನೋಡದೆ, ಕೋಟೆಯ ಕಡೆ ತಿರುಗಿ ಹೇಳಿದರು.

"ನಾಳಿ ಬುಧವಾರ. ತೆಗೆದಿರ್ತದ."

"ಅವ್ವಾ, ನಾಡಿದ್ದು ಲಾರಿ ಬರ್ತದ! ಅರ್ಧ ಸಾಮಾನು ಹಂಗೇ ಬಿದ್ದಾವ!"

"ಬಿದ್ದಿರಲಿ. ನಾನೂ ಕಟ್ಲಾಕ ಬರ್ತೀನಿ. ಇಕಿ ನೋಡಿಲ್ಲ ಅಂದಳಲ್ಲ, ಕಿವಿ ಕೇಳ್ಸಲಿಲ್ಲೇನು ನಿನಗ?"

ಕಿವಿ ಕೇಳಿಸಿತೆಂದು ಕಾಣುತ್ತದೆ. ಆ ರಾತ್ರಿ ಔರಂಗಾಬಾದಿನ ಹತ್ತಿರ ಶೇಂದ್ರಾದ ಕಾರ್ಖಾನೆಯೊಂದರಲ್ಲಿದ್ದ ಗಂಡನ ಬೀದರ ಕಡೆಯ ಗೆಳೆಯನ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಹೊರಡುವಾಗ ಆ ಮನೆಯಾಕೆ ದಾರಿಗೆಂದು ಚಪಾತಿ ಕಟ್ಟಿಕೊಡಲು ಬಂದರು. ಅತ್ತೆ ಅವರ ಕೈ ಹಿಡಿದು ನಿಲ್ಲಿಸಿಬಿಟ್ಟರು. "ಬುತ್ತಿ ಮಾತ್ರ ಬ್ಯಾಡವ್ವಾ, ನಿನ್ನ ಕಾಲಿಗಿ ಬೀಳ್ತೀನಿ."

ಹೀಗೆ ನಾನು ಬರಿಗೈಯಲ್ಲಿ ಕೈಲಾಸದ ಬಾಗಿಲು ದಾಟಿದೆ. ಆ ಕತ್ತಲೆಯ ಬಾಗಿಲಿನಾಚೆ ಗಜಲಕ್ಷ್ಮಿ, ಆಮೇಲೆ ಒಮ್ಮೆಲೇ ಬೆಳಕು, ಎಡಕ್ಕೂ ಬಲಕ್ಕೂ ಒಂದೊಂದು ಆನೆ, ಆಕಾಶಕ್ಕೆ ಹೋದ ಕಂಬ. ಮೂರು ಕಡೆ ಕಡಿದ ಗುಡ್ಡದ ಗೋಡೆ, ನಡುವೆ ಅದೇ ಗುಡ್ಡದ ಗುಡಿ. ನಾನು ಬಾಯಿ ತೆರೆದುಕೊಂಡು ನಿಂತುಬಿಟ್ಟೆ. ಗಂಡ ಗಂಟಲು ಸರಿಮಾಡಿಕೊಂಡು "ನಮ್ಮವರು" ಎಂದು ಶುರುಮಾಡುವಷ್ಟರಲ್ಲಿ ಅತ್ತೆ ಅವರ ರಟ್ಟೆ ಹಿಡಿದು ಮೊಮ್ಮಗಳ ಜೊತೆ ಆಚೆ ಕರೆದುಕೊಂಡು ಹೋದರು. "ಆಕಿ ಒಬ್ಬಾಕೀನ ನೋಡ್ಲಿ" ಎಂದದ್ದು ನನಗೆ ಕೇಳಿಸಿತು.

ಸುತ್ತ ನಡೆದೆ. ಗುಡಿಯ ಬುಡದಲ್ಲಿ ಸಾಲಾಗಿ ನಿಂತ ಆನೆಗಳಿಗೆ ಅರ್ಧಕ್ಕರ್ಧ ಸೊಂಡಿಲಿಲ್ಲ, ಆದರೂ ಅಷ್ಟು ದೊಡ್ಡ ಗುಡಿಯನ್ನು ಬೆನ್ನ ಮೇಲೆ ಹೊತ್ತು ನಿಂತಿವೆ. ಅವುಗಳ ಮುಂದೆ ನಿಂತು ನಿಮ್ಮ ಕಷ್ಟ ನನಗೆ ಗೊತ್ತು ಎಂದೆ. ರಾವಣ ಗುಡ್ಡ ಅಲುಗಾಡಿಸುವಲ್ಲಿ ಪಾರ್ವತಿ ಹೆದರಿ ಶಿವನ ತೋಳು ಹಿಡಿದಿದ್ದಾಳೆ. ಅಲ್ಲಿ ಕುಳಿತುಕೊಂಡೆ. ನನ್ನ ಮಸಿ ಹತ್ತಿದ ಕರಿ ಮಚ್ಚೆ ಇಷ್ಟು ದೊಡ್ಡದಾಗಿತ್ತೇ! ಗುರುಗಳು ತೀರಿಹೋಗಿ ಬಹಳ ವರ್ಷವಾಗಿತ್ತು. ಅವರಿಗೆ ಹೇಳಲಾಗಲಿಲ್ಲವಲ್ಲ ಎಂದು ಅಲ್ಲಿಯೇ ಅತ್ತುಬಿಟ್ಟೆ, ಚೆನ್ನಾಗಿಯೇ ಅತ್ತುಬಿಟ್ಟೆ. ಬುತ್ತಿ ಎಲ್ಲಿ ಎಂದು ಕೈ ಎರಡು ಸಲ ಪಕ್ಕಕ್ಕೆ ಹೋಗಿ ತಡಕಾಡಿ ಬಂತು. ಯಾರೂ ನನ್ನನ್ನು ಕರೆಯಲಿಲ್ಲ, ಹಸಿವು ಎನ್ನಲಿಲ್ಲ.

ಎಷ್ಟು ಹೊತ್ತಾಯಿತೋ. ಹೊರಗೆ ಬಂದರೆ ಮಗಳೂ ಗಂಡನೂ ನೆರಳಲ್ಲಿ ನಿಂತು ಸೀತಾಫಲ ತಿನ್ನುತ್ತಿದ್ದರು. ಅತ್ತೆ ಎಲ್ಲಿ ಎಂದರೆ ಮರದ ಕಡೆ ಗದ್ದ ಎತ್ತಿ ತೋರಿಸಿದರು. ಅದೇ ಬೇವಿನ ಮರ, ಅದೇ ಬೋರ್ಡು, ನನ್ನದೇ ಜಾಗದಲ್ಲಿ ಅತ್ತೆ ಕಾಲು ಚಾಚಿ ಕೂತಿದ್ದರು. ತೊಡೆಯ ಮೇಲೆ ಒಂದು ಗಂಟು. ಒಂದು ಕೈಯಲ್ಲಿ ಕೋಲು ಹಿಡಿದು ಮಂಗಗಳನ್ನು ಹೆದರಿಸುತ್ತಿದ್ದರು. ಮತ್ತೆ ಬುತ್ತಿ ಎಲ್ಲಿಂದ ಬಂತು?

"ಯಾರದ್ದ್ರಿ ಅತ್ತಿ ಇದು?"

"ಯಾರೋ ಪಾಪ, ನಾಂದೇಡ ಕಡೀ ಹೆಣ್ಮಗಳು. ಮನ್ಯಾಗಿನವರೆಲ್ಲ ಒಳಗ ಹೋಗ್ಯಾರ, ಇಕಿ ಒಬ್ಬಾಕೀನ ಇಲ್ಲಿ ಗಂಟು ಹಿಡ್ಕೊಂಡು ಕುಂತಿದ್ದಳು. ನೋಡಿದಿಯೇನವ್ವಾ ಅಂದ್ರ ಇಲ್ಲಾ ಅಂದಳು. ಜಾ ಬಾಯಿ, ಬಘೂನ್ ಯೇ, ಮೀ ಬಸ್ತೆ ಅಂದೆ." ನೋಡಿ ಬಾ, ನಾನು ಕೂತಿರುತ್ತೇನೆ ಎಂದಿದ್ದರು. ನಮ್ಮ ಅತ್ತೆಗೆ ಮರಾಠಿ ಬರುತ್ತದೆಂದು ನನಗೆ ಅಂದೇ ಗೊತ್ತಾದದ್ದು.

ಪಕ್ಕ ಕೂತೆ. ಕೂತೊಡನೆ ಮೂಗಿಗೆ ಬಂತು. ಗಂಟಿನಲ್ಲಿ ಬೇಯಿಸಿದ ಮೊಟ್ಟೆ. ಸಂಶಯವೇ ಇಲ್ಲ, ಹತ್ತು ಹದಿನೈದಾದರೂ ಇರಬೇಕು. ಮಟನ್ ತಿಂದ ಕೈಯ ನೆರಳು ರೊಟ್ಟಿಗೆ ಬೀಳಬಾರದೆಂದು ನನ್ನನ್ನು ಆರು ಸಲ ಈ ಮರಕ್ಕೆ ಕಟ್ಟಿಹಾಕಿದವರ ತೊಡೆಯ ಮೇಲೆ, ಕೊರಳಿನ ಲಿಂಗಕ್ಕೆ ಒಂದು ಗೇಣು ಕೆಳಗೆ, ಆ ಗಂಟು ಬೆಚ್ಚಗೆ ಮಲಗಿತ್ತು. ಹೇಳಲೋ ಬೇಡವೋ ಎಂದು ನಾನು ಬಾಯಿ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ.

"ಮೀನಿನ ಗತೆ ಯಾಕ ಬಾಯಿ ಮಾಡ್ಲತ್ತೀ?" ಎಂದರು ಅತ್ತೆ, ಮಂಗನತ್ತ ಕೋಲು ಬೀಸುತ್ತ. "ತತ್ತಿ ಅದಾವ, ಗೊತ್ತದ. ನಂಗ ಮೂಗಿಲ್ಲೇನು?"

ಅತ್ತೆ ಗಂಟನ್ನು ತೊಡೆಯ ಮೇಲೆ ಇನ್ನಷ್ಟು ಭದ್ರ ಮಾಡಿಕೊಂಡರು.

"ಆಕಿ ಬರೂತನಕ ನಾ ಏಳಂಗಿಲ್ಲ. ಸುಮ್ಮ ಕುಂತು ಏನ್ ಮಾಡ್ತಿ? ಹೋಗು, ಇನ್ನೊಮ್ಮಿ ನೋಡ್ಕೊಂಡು ಬಾ."

ಹೋದೆ. ಲೆಕ್ಕ ಸರಿಯಾಗಿ ಬರೆಯಬೇಕೆಂದರೆ, ಏಳು ಸಲ ನೋಡದ ಕೈಲಾಸವನ್ನು ನಾನು ಎರಡು ಸಲ ನೋಡಿದ್ದೇನೆ, ಎರಡೂ ಅದೇ ಬುಧವಾರ.